ಗಾಳಿ ಗುದ್ದಿದ ಗೆರೆಯಮ್ಮ

ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದರೆ ಸಲ್ಲದ ಕೆಲಸಕ್ಕೆ ಕೈಹಾಕಿ ಸುಮ್ಮನೆ ಸುಸ್ತಾಗುವುದು ಎಂದು ಎಲ್ಲರಿಗೂ ಗೊತ್ತು. ಗೆರೆಯಮ್ಮನ ವಿಷಯದಲ್ಲಿ ಮಾತ್ರ ಅದು ಬರೀ ಮಾತಲ್ಲ, ಉದ್ಯೋಗ. ಮೂವತ್ತೊಂದು ವರ್ಷ ಆಕೆ ಬೆಳಗ್ಗೆ ಎಂಟೂವರೆಗೆ ಸರಿಯಾಗಿ ಹೋಗಿ ಗಾಳಿ ಗುದ್ದಿದ್ದಾಳೆ, ಸಂಬಳ ತಂದು ಮಗನನ್ನು ಓದಿಸಿದ್ದಾಳೆ, ಕೊನೆಗೆ ಮೈಯನ್ನೂ ನೋಯಿಸಿಕೊಂಡಿದ್ದಾಳೆ. ಬಲಭುಜಕ್ಕೆ ಮುಲಾಮು ಹಚ್ಚುವಾಗಲೆಲ್ಲ ಗಂಡ ಇದೇ ಮಾತು ಎತ್ತಿ ನಗುತ್ತಿದ್ದ. ಆಕೆಯೂ ನಗುತ್ತಿದ್ದಳು, ಯಾಕೆಂದರೆ ಮುಲಾಮು ಹಚ್ಚುವ ಕೈ ಅವನದೇ ಆಗಿತ್ತು.

ಅದು ಬಾತುಕೋಳಿಯ ಗರಿಯಿಂದ ಬ್ಯಾಡ್ಮಿಂಟನ್ ಶಟಲ್ ಮಾಡುವ ಕಾರ್ಖಾನೆ. ಹದಿನಾರು ಗರಿ, ಒಂದು ಕಾರ್ಕ್, ಎರಡು ಸುತ್ತು ದಾರ, ಅಂಟು. ಇಪ್ಪತ್ತು ಮೂವತ್ತು ಹೆಂಗಸರು ಉದ್ದನೆಯ ಮೇಜುಗಳ ಎರಡೂ ಬದಿ ಕೂತು ಗರಿ ಚುಚ್ಚುತ್ತಾರೆ, ದಾರ ಸುತ್ತುತ್ತಾರೆ, ಅಂಟು ಸವರುತ್ತಾರೆ. ಆದ ಶಟಲ್‌ಗಳೆಲ್ಲ ಕಟ್ಟಡದ ಹಿಂದಿನ ಉದ್ದ ಹಾಲ್‌ಗೆ ಬರುತ್ತವೆ. ಹಿಂದೆ ಅಲ್ಲಿ ಬಟ್ಟೆಯ ಮೂಟೆ ಒಟ್ಟುತ್ತಿದ್ದರಂತೆ, ಅದಕ್ಕೇ ಚಾವಣಿ ಅಷ್ಟು ಎತ್ತರ. ಕಿಟಕಿಗಳಿಗೆ ಯಾವಾಗಲೂ ಚಿಲಕ, ಫ್ಯಾನ್ ಎಂಬುದು ಇಲ್ಲವೇ ಇಲ್ಲ. ಒಂದು ಎಳೆ ಗಾಳಿ ಒಳಗೆ ಬಂದರೂ ಪರೀಕ್ಷೆ ಕೆಟ್ಟಂತೆ. ನೆಲದ ಮೇಲೆ ಈ ತುದಿಗೆ ಒಂದು ಬಿಳಿ ಗೆರೆ. ಆ ತುದಿಗೆ, ಹನ್ನೆರಡೂವರೆ ಮೀಟರ್ ಆಚೆ, ಒಂದು ಮೊಳದ ಅಂತರದಲ್ಲಿ ಎರಡು ಕೆಂಪು ಗೆರೆ. ಬಿಳಿ ಗೆರೆಯ ಮೇಲೆ ಕಾಲಿಟ್ಟು ನಿಂತು ಕೆಳಗಿನಿಂದ ಬೀಸಿ ಪೂರ್ತಿ ಜೋರಿನಲ್ಲಿ ಹೊಡೆದರೆ ಶಟಲ್ ಎರಡು ಕೆಂಪು ಗೆರೆಗಳ ನಡುವೆ ಬೀಳಬೇಕು. ಅಲ್ಲಿಗೆ ಮುಟ್ಟದಿದ್ದರೆ ಅದು ನಿಧಾನ, ದಾಟಿದರೆ ಜೋರು. ಎರಡನ್ನೂ ಯಾರೂ ಕೊಳ್ಳುವುದಿಲ್ಲ.

ಆ ಹೊಡೆತ ಹೊಡೆಯುತ್ತಿದ್ದವಳೇ ನಮ್ಮ ಗೆರೆಯಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಒಟ್ಟಿಗೆ ತಯಾರಾದ ಶಟಲ್‌ಗಳ ಪ್ರತಿಯೊಂದು ತಂಡದಿಂದ ಒಂದು ಡಜನ್ ಆರಿಸಿ ಹೊಡೆದು, ಆಕೆ 'ಆಯ್ತು' ಅಂದರೆ ಆಯ್ತು, 'ಇಲ್ಲ' ಅಂದರೆ ಯಜಮಾನರ ಮಾತೂ ನಡೆಯುತ್ತಿರಲಿಲ್ಲ.

ಆಕೆಗೆ ಒಂದು ಅಭ್ಯಾಸವಿತ್ತು. ದಿನಾ ಬೆಳಗ್ಗೆ ಮೊದಲ ಮೂರು ಹೊಡೆತ ಹೊಸ ಶಟಲ್‌ಗಳಿಗಲ್ಲ. ಬೀರುವಿನೊಳಗೆ ಹಸಿರು ಡಬ್ಬಿಯೊಂದಿತ್ತು, ಅದನ್ನು ಆಕೆ ಮಾದರಿ ಡಬ್ಬಿ ಎನ್ನುತ್ತಿದ್ದಳು. ಅದರಿಂದ ಮೂರು ತೆಗೆದು ಹೊಡೆಯುವುದು, ಎಲ್ಲಿ ಬಿತ್ತು ಎಂದು ನೋಡುವುದು, ವಾಪಸ್ ಇಡುವುದು, ಆಮೇಲೆ ದಿನದ ಕೆಲಸ. ಮಾದರಿ ಸವೆಯುತ್ತ ಬಂದರೆ ಅದಕ್ಕೆ ಸರಿಸಮ ಹಾರುವ ಹೊಸದನ್ನು ತಾನೇ ಆರಿಸಿ ಡಬ್ಬಿ ತುಂಬುತ್ತಿದ್ದಳು. ಅಂಟು ಸವರುವ ಹೆಂಗಸರು ಅದನ್ನು ಮುದುಕಿಯ ಮಡಿ ಎಂದು ಆಡಿಕೊಳ್ಳುತ್ತಿದ್ದರು. ಕೈ ಬಿಸಿ ಮಾಡಿಕೊಳ್ಳುವುದು ಎಂದು ಯಜಮಾನರು ತಿಳಿದಿದ್ದರು. ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಇಂಥ ಹಾಲ್‌ಗೆ ಯಂತ್ರ ಬಂತು. ತಂದವನು ಯಜಮಾನರ ಅಳಿಯ. ಆಳೆತ್ತರದ ನೀಲಿ ಪೆಟ್ಟಿಗೆ, ಮುಂದಕ್ಕೆ ಚಾಚಿದ ಕೊಳವೆ, ಒಳಗೆ ಸ್ಪ್ರಿಂಗು, ಗುಂಡಿ ಒತ್ತಿದರೆ ಹಸಿರು ದೀಪ. ಹುಡುಗ ಕೆಟ್ಟವನೇನಲ್ಲ, ಆದರೆ ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುವ ಹಾಗೆ ಕಂಡ ಕಂಡ ಶಟಲನ್ನೆಲ್ಲ ಆ ಕೊಳವೆಗೆ ಹಾಕಿ ಹಾರಿಸಿದ. ಆ ತಿಂಗಳು ದೊಡ್ಡ ತಂಡವೊಂದು ತಯಾರಾಗಿತ್ತು, ಐದು ಸಾವಿರಕ್ಕೆ ಸ್ವಲ್ಪ ಕಡಿಮೆ. ಗೆರೆಯಮ್ಮ ಹೊಡೆದು ಸರಿಯಾಗಿದೆ ಎಂದಿದ್ದಳು. ಯಂತ್ರ ಹಾರಿಸಿದ ಹನ್ನೆರಡರಲ್ಲಿ ಹನ್ನೊಂದು ಎರಡನೆಯ ಕೆಂಪು ಗೆರೆಯನ್ನು ದಾಟಿ ಬಿದ್ದವು. ಜೋರು, ಇಡೀ ತಂಡ ಜೋರು ಎಂದಿತು ಯಂತ್ರ.

ಅಳಿಯ ಹೇಳಬೇಕಾದದ್ದನ್ನು ಸಿಹಿ ಸವರಿ ಹೇಳಿದ. ಅಮ್ಮನವರ ಕಣ್ಣಿನ ಮೇಲೆ ಅನುಮಾನವಿಲ್ಲ, ಆದರೆ ಕೈಗೆ ವಯಸ್ಸಾಗಿದೆ. ಕೈಯ ಜೋರು ಕಡಿಮೆಯಾದರೆ ಜೋರಾದ ಶಟಲೂ ಹತ್ತಿರ ಬೀಳುತ್ತದೆ, ಸರಿಯಾಗಿದೆ ಎಂದೇ ಕಾಣುತ್ತದೆ. ಈ ಮಾತಿನಲ್ಲಿ ಹುಳುಕು ಹುಡುಕಲು ಗೆರೆಯಮ್ಮನಿಗೂ ಆಗಲಿಲ್ಲ. ಅದೇ ಆಕೆಯನ್ನು ಹೆಚ್ಚು ಉರಿಸಿದ್ದು.

ಯಜಮಾನರು ಶನಿವಾರ ಹನ್ನೊಂದು ಗಂಟೆಗೆ ತೀರ್ಮಾನ ಎಂದರು. ಯಂತ್ರ ಹೇಳಿದ್ದೇ ನಿಜವಾದರೆ ಅಷ್ಟೂ ಶಟಲ್‌ಗಳ ದಾರ ಬಿಚ್ಚಿ ಗರಿ ಅಗಲಿಸಬೇಕು, ಹೆಂಗಸರ ಒಂದು ತಿಂಗಳ ಕೆಲಸ ನೀರಿನಲ್ಲಿ ಹೋಮ. ಅಲ್ಲಿಂದ ಮುಂದೆ ಹಾಲ್‌ನಲ್ಲಿ ಯಂತ್ರದ ಮಾತೇ ಮಾತು. ಗೆರೆಯಮ್ಮ ಪ್ಯಾಕಿಂಗ್ ಮೇಜಿಗೆ ಹೋಗಬಹುದು, ಸಂಬಳ ಅಷ್ಟೇ ಇರುತ್ತದೆ ಎಂದು ಯಜಮಾನರು ಮೆಲ್ಲಗೆ ಸೇರಿಸಿದರು. ಸಂಬಳದ ಮಾತು ಆಕೆಯ ಕಿವಿಗೆ ಬೀಳಲೇ ಇಲ್ಲ. ಮೂವತ್ತೊಂದು ವರ್ಷ ತಾನು 'ಆಯ್ತು' ಅಂದದ್ದೆಲ್ಲ ನಿಜವಾಗಿ ಆಗಿತ್ತೇ ಎಂಬ ಒಂದೇ ಪ್ರಶ್ನೆ ಎದೆಯಲ್ಲಿ ಕೂತಿತ್ತು.

ಅವತ್ತು ಬುಧವಾರ. ಮನೆಯಲ್ಲಿ ಊಟದ ಹೊತ್ತಿಗೆ ವಿಷಯ ಬಾಯಿಗೆ ಬಂತು. ಗಂಡನ ಮುಂದೆ ಹೇಳಿಕೊಂಡದ್ದನ್ನು ಕೇಳಿಸಿಕೊಂಡವಳು ಸೊಸೆ. ಆಕೆ ಪಾಲಿಟೆಕ್ನಿಕ್‌ನಲ್ಲಿ ಗಣಿತ ಕಲಿಸುತ್ತಾಳೆ, ಮನೆಗೆ ಬಂದು ಎರಡು ವರ್ಷ. ಅತ್ತೆ ಸೊಸೆ ಎಣ್ಣೆ ಸೀಗೆಕಾಯಿಯೇನಲ್ಲ. ಜಗಳವಿರಲಿಲ್ಲ, ಮಾತೂ ಹೆಚ್ಚಿರಲಿಲ್ಲ. ಊಟ ಆಯ್ತಾ, ಗ್ಯಾಸ್ ಮುಗೀತಾ, ಅಷ್ಟರಲ್ಲಿ ದಿನ ಕಳೆಯುತ್ತಿತ್ತು. ಅವತ್ತು ಸೊಸೆ ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೂತುಬಿಟ್ಟಳು. ಶಟಲ್ ಹೇಗೆ ಹೋಗುತ್ತದೆ, ಗಾಳಿಯಲ್ಲಿ ಬೆರಳಿಂದ ಬರೆದು ತೋರಿಸಿ ಎಂದಳು. ಗೆರೆಯಮ್ಮ ನೋವಿಲ್ಲದ ಎಡಗೈಯಿಂದ ಬರೆದಳು: ಸರ್ರನೆ ಮೇಲಕ್ಕೆ, ಅಲ್ಲಿ ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ನಿಂತು, ಆಮೇಲೆ ಹೆಚ್ಚುಕಡಿಮೆ ನೆಟ್ಟಗೆ ಕೆಳಗೆ.

ಸೊಸೆಯ ಕಣ್ಣು ಅರಳಿತು. "ಅತ್ತೆ, ಹೊಡೆದವರ ಜೋರು ಆ ಗೆರೆ ಶುರುವಾಗೋ ಜಾಗದಲ್ಲಿರುತ್ತೆ. ಶಟಲಿನ ಗುಣ ಗೆರೆ ಬಾಗೋ ರೀತಿಯಲ್ಲಿರುತ್ತೆ. ಗೆರೆ ಸಿಕ್ಕರೆ ಎರಡನ್ನೂ ಬೇರೆ ಬೇರೆ ಮಾಡಬಹುದು. ಯಾರು ಹೊಡೆದ್ರೂ ಶಟಲ್ ಎಂಥದ್ದು ಅಂತ ಹೇಳಬಹುದು."

ಗೆರೆಯಮ್ಮ ತಟ್ಟೆಯ ಅನ್ನವನ್ನು ಬೆರಳಿಂದ ಒಂದು ಬದಿಗೆ ಸರಿಸಿದಳು. "ಅಂದ್ರೆ ನನ್ನ ಕೈ ಎಷ್ಟು ಸೋತಿದೆ ಅನ್ನೋದೂ ಗೊತ್ತಾಗುತ್ತೆ."

"ಗೊತ್ತಾಗುತ್ತೆ ಅತ್ತೆ."

ಸುಳ್ಳು ಹೇಳಲಿಲ್ಲವಲ್ಲ ಎಂದು ಗೆರೆಯಮ್ಮನಿಗೆ ಸೊಸೆಯ ಮೇಲೆ ಅವತ್ತು ಮೊದಲ ಸಲ ನಿಜವಾದ ಪ್ರೀತಿ ಹುಟ್ಟಿತು. ಹೆದರಿಕೆಯೂ ಆಯಿತು. ಎರಡನ್ನೂ ನುಂಗಿಕೊಂಡು, ನಾಳೆ ಬೆಳಗ್ಗೆ ಬಾ ಎಂದಳು.

ಗುರುವಾರ ಪಾಲಿಟೆಕ್ನಿಕ್‌ಗೆ ರಜೆ. ಯಜಮಾನರು ಗೋಡೆ ಕೆಡಿಸಬೇಡಿ ಎಂಬ ಒಂದೇ ಷರತ್ತಿನ ಮೇಲೆ ಒಪ್ಪಿದರು. ಸೊಸೆ ಹಾಲ್‌ನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅರ್ಧ ಅರ್ಧ ಮೀಟರಿಗೆ ಗೆರೆ ಎಳೆದಳು, ಏಣಿ ಹತ್ತಿ ಎತ್ತರಕ್ಕೂ ಎಳೆದಳು. ಎದುರಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮೊಬೈಲ್ ಕಟ್ಟಿದಳು. ಅದು ಸೆಕೆಂಡಿಗೆ ಇನ್ನೂರನಲವತ್ತು ಚಿತ್ರ ತೆಗೆಯುತ್ತದಂತೆ. ಗೆರೆಯಮ್ಮ ಎಂದಿನ ಹಾಗೆ ಮೂರು ಮಾದರಿ ಹೊಡೆದಳು, ಆಮೇಲೆ ಹೊಸ ತಂಡದ ಹನ್ನೆರಡು. ಭುಜ ಸುಡುತ್ತಿತ್ತು. ಕೊನೆಗೆ ಅಳಿಯನನ್ನು ಕರೆದು ಯಂತ್ರದಿಂದಲೂ ಹನ್ನೆರಡು ಹಾರಿಸಿಕೊಂಡರು. ಅವನು ಮದುವೆಯ ಫೋಟೋಕ್ಕೆ ನಿಂತವನ ಹಾಗೆ ಯಂತ್ರದ ಪಕ್ಕ ನೆಟ್ಟಗೆ ನಿಂತು ಗುಂಡಿ ಒತ್ತಿದ.

ಮಧ್ಯಾಹ್ನ ಮನೆಯ ಊಟದ ಮೇಜೇ ಪ್ರಯೋಗಶಾಲೆ. ಸೊಸೆ ಲ್ಯಾಪ್‌ಟಾಪ್ ತೆರೆದು ಒಂದೊಂದು ಚಿತ್ರದಲ್ಲೂ ಶಟಲ್ ಎಲ್ಲಿದೆ ಎಂದು ಗುರುತು ಹಾಕುತ್ತ ಹೋದಳು. ಪರದೆಯ ಮೇಲೆ ಚುಕ್ಕೆಗಳ ಸಾಲು ಎದ್ದಿತು. ಗೆರೆಯಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಅಷ್ಟು ವರ್ಷ ಕಣ್ಣ ಮುಂದೆ ಹಾರಿ ಮಾಯವಾಗುತ್ತಿದ್ದದ್ದು ಇಲ್ಲಿ ಎಲ್ಲಿ ಬೇಕೋ ಅಲ್ಲಿ ನಿಂತಿದೆ. ತನ್ನ ಹೊಡೆತವನ್ನು ಆಕೆ ಮೊದಲ ಸಲ ಸಮಾಧಾನವಾಗಿ ನೋಡಿದಳು, ಚೆನ್ನಾಗಿದೆ ಅನ್ನಿಸಿತು.

ಲೆಕ್ಕ ಹೇಗೆ ಎಂದು ಕೇಳಿದಾಗ ಸೊಸೆ ಕ್ಲಾಸಿನ ಮಾತು ಬಿಟ್ಟು ಮನೆಯ ಮಾತಿಗೆ ಬಂದಳು. ಹಾರುವ ಶಟಲ್‌ಗೆ ನೆತ್ತಿಯ ಮೇಲೆ ದೀಪ ಹಿಡಿದರೆ ನೆಲದ ಮೇಲೆ ಅದರ ನೆರಳು ಮುಂದೆ ಮುಂದೆ ಓಡುತ್ತದೆ. ಬೆನ್ನ ಹಿಂದೆ ಹಿಡಿದರೆ ಎದುರುಗೋಡೆಯ ಮೇಲೆ ಇನ್ನೊಂದು ನೆರಳು, ಅದಕ್ಕೆ ಏರುವುದು ಇಳಿಯುವುದು ಮಾತ್ರ ಗೊತ್ತು. ನೆಲದ ನೆರಳಿಗೆ ಎಕ್ಸ್ ಅನ್ನೋಣ, ಗೋಡೆಯ ನೆರಳಿಗೆ ವೈ. ಎರಡಕ್ಕೂ ಗಡಿಯಾರ ಒಂದೇ, ಅದು ಟಿ. ಗಡಿಯಾರ ಇಷ್ಟು ಅಂದಾಗ ಈ ನೆರಳು ಎಲ್ಲಿ, ಆ ನೆರಳು ಎಲ್ಲಿ ಎಂದು ಎರಡು ಸೂತ್ರ ಬರೆದುಬಿಟ್ಟರೆ ಶಟಲ್ ಎಲ್ಲಿದೆ ಎಂದು ಬರೆದ ಹಾಗೆಯೇ. ಭೂಮಿ ಎಳೆಯುವುದು ಗೋಡೆಯ ನೆರಳನ್ನು ಮಾತ್ರ. ಗಾಳಿ ಎರಡನ್ನೂ ತಡೆಯುತ್ತದೆ, ಅದೂ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು.

ಮೊದಲು ಗಾಳಿಯೇ ಇಲ್ಲ ಎಂದುಕೊಂಡು ನೋಡೋಣ ಎಂದು ಸೊಸೆ ಗುಂಡಿ ಒತ್ತಿದಳು. ಗೆರೆ ಪರದೆ ಬಿಟ್ಟು ಹೊರಗೇ ಹೋಯಿತು. ಎಲ್ಲಿ ಬೀಳುತ್ತದೆ ಎಂದರೆ ಹೆಚ್ಚುಕಡಿಮೆ ಮುನ್ನೂರು ಮೀಟರ್ ಆಚೆ. ಗೆರೆಯಮ್ಮ ಮನಸ್ಸಿನಲ್ಲೇ ಕಾರ್ಖಾನೆಯ ಗೋಡೆ ದಾಟಿದಳು, ರಸ್ತೆ ದಾಟಿದಳು, ಮರದ ಅಡ್ಡೆ ದಾಟಿದಳು, ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ತಲೆಯ ಮೇಲೆ ಬೀಳಿಸಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾಳಿ ಅನ್ನುವುದು ಇಲ್ಲದಿದ್ದರೆ ತನ್ನಂಥ ಗಟ್ಟಿಗಿತ್ತಿ ಲೋಕದಲ್ಲಿರುತ್ತಿರಲಿಲ್ಲ ಎಂದಳು ಗೆರೆಯಮ್ಮ.

ಆಮೇಲೆ ಗಾಳಿ ಸೇರಿಸಿದರು. ನೆಲದ ನೆರಳಿನ ವೇಗ ಎಷ್ಟೋ ಅದಕ್ಕೆ ತಕ್ಕ ತಡೆ, ಗೋಡೆಯ ನೆರಳಿನ ವೇಗಕ್ಕೆ ತಕ್ಕ ತಡೆ. ಗೆರೆ ಹಾಲ್‌ನೊಳಗೆ ಬಂತು. ಆದರೆ ಚುಕ್ಕೆಗಳ ಮೇಲೆ ಕೂರಲಿಲ್ಲ. ಮೊದಲ ಭಾಗ ಹೊಂದಿಸಿದರೆ ಕೊನೆ ತಪ್ಪುತ್ತದೆ, ಕೊನೆ ಹೊಂದಿಸಿದರೆ ಮೊದಲು ಅಡ್ಡಾದಿಡ್ಡಿ. ಸೊಸೆ ಅಂಕೆ ಬದಲಾಯಿಸಿದಳು, ಮತ್ತೆ ಬದಲಾಯಿಸಿದಳು, ಪೆನ್ನಿನ ಹಿಂಭಾಗ ಕಚ್ಚಿದಳು. ನಾಲ್ಕು ಗಂಟೆಯಾಯಿತು, ಐದಾಯಿತು. ಚಹಾ ಎರಡು ಸಲ ಆರಿತು.

ಗೆರೆಯಮ್ಮ ಪರದೆಗೆ ಮುಖ ಹತ್ತಿರ ತಂದು ಗೆರೆಯ ಬಾಲ ತೋರಿಸಿದಳು. ನಮ್ಮ ಶಟಲ್ ಕೊನೆಗೆ ಮುಂದೆ ಹೋಗುವ ಆಸೆಯನ್ನೇ ಬಿಟ್ಟುಬಿಡುತ್ತದೆ, ಇದಿನ್ನೂ ಜಾರುತ್ತಲೇ ಇದೆ, ಇದು ನಮ್ಮದಲ್ಲ ಎಂದಳು. ಸೊಸೆ ಲೆಕ್ಕದ ಸಾಲನ್ನು ಇನ್ನೊಮ್ಮೆ ವಿವರಿಸಿದಳು: ಈ ನೆರಳಿಗೆ ಇಷ್ಟು ಗಾಳಿ, ಆ ನೆರಳಿಗೆ ಅಷ್ಟು ಗಾಳಿ.

"ನೆರಳಿಗೆ ಗಾಳಿ ತಾಗುತ್ತೇನಮ್ಮ?" ಎಂದಳು ಗೆರೆಯಮ್ಮ. "ಗಾಳಿ ತಾಗೋದು ಶಟಲಿಗೆ."

ಸೊಸೆಯ ಬಾಯಿಂದ ಪೆನ್ನು ಜಾರಿ ಮೇಜಿನ ಮೇಲೆ ಬಿತ್ತು. ಆಮೇಲೆ ಬೆರಳುಗಳು ಕೀಲಿಗಳ ಮೇಲೆ ಓಡಿದವು. ಶಟಲ್‌ನ ಪೂರ್ತಿ ವೇಗ ಎಷ್ಟೋ ಅದರಿಂದ ತಡೆ ಲೆಕ್ಕ ಹಾಕಬೇಕು, ಆ ತಡೆಯನ್ನು ಎರಡು ನೆರಳಿಗೂ ಅದರದರ ಪಾಲಿಗೆ ತಕ್ಕಂತೆ ಹಂಚಬೇಕು. ನೆರಳುಗಳು ತಮ್ಮಷ್ಟಕ್ಕೆ ತಾವು ಬದುಕುವಂತಿಲ್ಲ, ಒಂದರ ಓಟ ಇನ್ನೊಂದಕ್ಕೂ ತಾಗುತ್ತದೆ. ಕಾಲವನ್ನು ಚೂರು ಚೂರು ಮಾಡಿ ಒಂದೊಂದು ಚೂರಿಗೂ ಹೊಸದಾಗಿ ಲೆಕ್ಕ. ಆಕೆ ಗುಂಡಿ ಒತ್ತಿದಳು. ಗೆರೆ ಸರ್ರನೆ ಏರಿತು, ಮೇಲೆ ಒಂದಿಷ್ಟು ಯೋಚಿಸಿತು, ನೆಟ್ಟಗೆ ಇಳಿಯಿತು. ಚುಕ್ಕೆಗಳು ಒಂದೊಂದೂ ಅದರ ಮೇಲೆ, ದಾರದಲ್ಲಿ ಪೋಣಿಸಿದ ಮಣಿಗಳ ಹಾಗೆ.

ಸೊಸೆ ಕುರ್ಚಿಯಿಂದ ಎದ್ದು ಅತ್ತೆಯ ಎರಡೂ ಕೈ ಹಿಡಿದು ಕುಣಿದಳು. ಬಲಭುಜ ಚಳಕ್ ಎಂದಿತು, ಗೆರೆಯಮ್ಮ ಅಯ್ಯಯ್ಯೋ ಎನ್ನುತ್ತಲೇ ಕುಣಿದಳು. ಒಳಗಿನಿಂದ ಬಂದ ಗಂಡ ಇಬ್ಬರನ್ನೂ ನೋಡಿ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಕೇಳಿದ್ದೆ, ಇಬ್ಬರಿಗೂ ಒಟ್ಟಿಗೇ ಬಂದದ್ದು ಇವತ್ತೇ ನೋಡಿದ್ದು ಎಂದು ಹೇಳಿ ತನ್ನ ಚಹಾ ತಾನೇ ಕಾಯಿಸಿಕೊಂಡ.

ಒಂದೊಂದು ಶಟಲ್‌ಗೂ ಒಂದು ಅಂಕೆ ಬಂತು, ಅದು ಗಾಳಿಗೆ ಎಷ್ಟು ಸಿಗುತ್ತದೆ ಎಂದು ಹೇಳುವ ಅಂಕೆ. ಮಾದರಿಯದು ಸೊನ್ನೆ ಬಿಂದು ಎರಡು ಒಂದು. ಹೊಸ ತಂಡದ್ದು? ಸೊಸೆ ಹನ್ನೆರಡನ್ನೂ ನೋಡುವವರೆಗೆ ಹೇಳಲಿಲ್ಲ. ಅದೂ ಸೊನ್ನೆ ಬಿಂದು ಎರಡು ಒಂದು. ಆಕೆಯ 'ಆಯ್ತು' ನಿಜವಾಗಿ ಆಗಿತ್ತು. ಗೆರೆಯಮ್ಮನ ಕಣ್ಣು ತುಂಬಿತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಅಷ್ಟರಲ್ಲಿ ಸೊಸೆ ಮೊದಲ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದಳು. ಅದರಲ್ಲಿ ಶಟಲ್ ಇನ್ನೂ ಬ್ಯಾಟಿನ ಮೇಲಿದೆ. ಗೆರೆಯಮ್ಮನ ಮುಂದಿನ ಕಾಲು ಬಿಳಿ ಗೆರೆಯಿಂದ ಒಂದೂಕಾಲು ಅಡಿ ಮುಂದಿದೆ. ಸೊಸೆ ಬೇರೆ ಚಿತ್ರ ತೆರೆದಳು. ಎಲ್ಲದರಲ್ಲೂ ಹಾಗೇ. ಗೆರೆ ಕಾಯುವವಳೇ ಗೆರೆ ದಾಟಿ ನಿಂತಿದ್ದಾಳೆ. ಶನಿವಾರ ಅಳಿಯ ಇದನ್ನು ನೋಡಿದರೆ ಸೂತ್ರವೂ ಬೇಡ, ಅಂಕೆಯೂ ಬೇಡ, ಮೋಸ ಎಂದುಬಿಡುತ್ತಾನೆ. ಕೇಳುವುದೋ ಬೇಡವೋ ಎಂದು ಸೊಸೆ ಬಹಳ ಹೊತ್ತು ಒದ್ದಾಡಿ, ಕೊನೆಗೆ ಬೆರಳಿಟ್ಟು ತೋರಿಸಿದಳು.

ಗೆರೆಯಮ್ಮನಿಗೆ ನಾಚಿಕೆ ಎಂಬುದೇ ಆಗಲಿಲ್ಲ. ಅದು ದಿನಾ ಬೇರೆ ಬೇರೆ ಎಂದಳು. ಬಿಸಿಲಿರುವ ದಿನ ಸ್ವಲ್ಪ ಹಿಂದೆ, ಚಳಿಯ ದಿನ ಸ್ವಲ್ಪ ಮುಂದೆ. ಭುಜ ಹೆಚ್ಚು ನೋಯುವ ದಿನ ಇನ್ನೂ ಮುಂದೆ. ಹತ್ತು ವರ್ಷದ ಕೆಳಗೆ ಆಕೆಯ ಕಾಲು ಗೆರೆಯ ಮೇಲೇ ಇತ್ತು. "ಮಾದರಿ ಮೂರು ಹೊಡೀತೀನಲ್ಲ, ಅದು ಯಾತಕ್ಕೆ ಅಂದ್ಕೊಂಡೆ? ಅದು ಸರಿ ಅಂತ ನನಗೆ ಗೊತ್ತು. ಅದು ಕೆಂಪು ಗೆರೆ ನಡುವೆ ಬೀಳೋವರೆಗೂ ಕಾಲು ಹೊಂದಿಸ್ಕೋತೀನಿ. ಆಮೇಲೆ ಹೊಸದನ್ನ ಹೊಡೀತೀನಿ. ನನ್ನ ಕೈಯನ್ನ ನಾನು ಯಾವತ್ತೂ ನಂಬಿದವಳಲ್ಲ ಕಣೇ. ದಿನಾ ಬೆಳಗ್ಗೆ ಕೇಳ್ಕೋತೀನಿ, ಇವತ್ತು ಎಷ್ಟಿದ್ದೀಯ ಅಂತ."

ಸೊಸೆ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಗೊತ್ತಿರುವುದರ ಜೊತೆ ಅಳತೆಯ ಸಾಧನವನ್ನು ಮೊದಲು ಹೊಂದಿಸು, ಆಮೇಲೆ ಗೊತ್ತಿಲ್ಲದ್ದನ್ನು ಅಳೆ ಎಂಬ ಒಂದು ಮಾತನ್ನು ಮಕ್ಕಳ ತಲೆಗೆ ಹಾಕಲು ಆಕೆ ವರ್ಷಾ ವರ್ಷಾ ಒದ್ದಾಡುತ್ತಾಳೆ. ಅದು ಮನೆಯಲ್ಲೇ ಇತ್ತು, ದಿನಾ ಜೊತೆಯಲ್ಲಿ ಕೂತು ಊಟ ಮಾಡುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

ಹಾಗಾದರೆ ಯಂತ್ರ ಯಾಕೆ ಹಾಗೆ ಹೇಳಿತು? ಶುಕ್ರವಾರ ಸಂಜೆ ಇಬ್ಬರೂ ಅದರ ಚುಕ್ಕೆಗಳನ್ನು ಹರಡಿಕೊಂಡು ಕೂತರು. ಒಂದೇ ಅಂಕೆಗೆ ಆ ಗೆರೆ ಒಗ್ಗಲಿಲ್ಲ. ಕೊಳವೆಯಿಂದ ಹೊರಬಿದ್ದ ಮೊದಲ ಎರಡು ಮೀಟರಿನಲ್ಲಿ ಶಟಲ್ ಗಾಳಿಗೆ ಕಡಿಮೆ ಸಿಗುತ್ತದೆ, ಆಮೇಲೆ ದಾರಿಗೆ ಬಂದು ಸೊನ್ನೆ ಬಿಂದು ಎರಡು ಒಂದೇ ಆಗುತ್ತದೆ. ಸೊಸೆ ಹೀಗೆ ಎಂದದ್ದೇ ತಡ, ಮಡಚಿದ ಕೊಡೆ ಎಂದಳು ಗೆರೆಯಮ್ಮ. ಗರಿ ಮುದುಡಿಕೊಂಡು ಹೊರಗೆ ಬರುತ್ತಿದೆ, ಸ್ವಲ್ಪ ದೂರ ಹೋದ ಮೇಲೆ ಅರಳುತ್ತಿದೆ. ಕೊಳವೆ ಬಿಗಿಯಿದೆ.

ಶನಿವಾರ ಹನ್ನೊಂದಕ್ಕೆ ಹಾಲ್ ತುಂಬಿತ್ತು. ಅಂಟಿನ ಕೈಗಳನ್ನು ಒರೆಸಿಕೊಳ್ಳುತ್ತ ಹೆಂಗಸರೆಲ್ಲ ಬಾಗಿಲಲ್ಲಿ ನಿಂತರು, ಅವರ ತಿಂಗಳ ಕೆಲಸವೂ ಅಲ್ಲಿತ್ತು. ಗೆರೆಯಮ್ಮ ಮೊದಲ ಹೊಡೆತಕ್ಕೆ ನಿಂತದ್ದೇ ಅಳಿಯನ ಕಣ್ಣು ಆಕೆಯ ಕಾಲಿನ ಮೇಲೆ ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇಲ್ಲಿ ನೋಡಿದರೆ ಅಮ್ಮನವರು ನೆಲವನ್ನೇ ಮುಂದಕ್ಕೆ ತಂದಿದ್ದಾರೆ ಎಂದ. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರು ನಗಲಿಲ್ಲ, ಅವರ ಮುಖ ಇಳಿಯಿತು. ಮೂವತ್ತೊಂದು ವರ್ಷ ಅವರು ನಂಬಿದ್ದ ಕಾಲು ಅದು.

ಗೆರೆಯಮ್ಮ ಬ್ಯಾಟ್ ಕೆಳಗಿಟ್ಟು, ಮಾದರಿ ಡಬ್ಬಿಯ ಕಥೆಯನ್ನು ಮೊದಲ ಸಲ ಎಲ್ಲರ ಮುಂದೆ ಹೇಳಿದಳು. ಹೇಳಿ ಮುಗಿಸಿದ ಮೇಲೆ ಮಾತಿಗೆ ಮಾತು ಬೇಡ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ಯಂತ್ರದ ಕೊಳವೆ ಬಿಚ್ಚಿ ಎಂದಳು. ಅಳಿಯ ಮೊದಲು ಗೊಣಗಿದ. ಯಂತ್ರವನ್ನು ಕೂರಿಸಿದವರು ಅದರ ಜೊತೆಗೇ ಬಂದ ಪ್ಲಾಸ್ಟಿಕ್ ಶಟಲ್ ಹಾರಿಸಿ ಕೆಂಪು ಗೆರೆಗಳ ನಡುವೆ ಬೀಳಿಸಿಯೇ ಹೋಗಿದ್ದಾರೆ ಎಂದ. ಗೆರೆಯಮ್ಮ ಆ ಪ್ಲಾಸ್ಟಿಕ್ ಶಟಲನ್ನೂ ಒಂದು ಗರಿಯ ಶಟಲನ್ನೂ ಬಾಯಿಗೆ ಬಾಯಿ ಹಿಡಿದು ತೋರಿಸಿದಳು. ಪ್ಲಾಸ್ಟಿಕ್ಕಿನದು ಒಂದು ಕೂದಲೆಳೆ ಕಿರಿದು. ಅದು ಕೊಳವೆಯೊಳಗೆ ಸಲೀಸಾಗಿ ಜಾರುತ್ತಿತ್ತು, ಗರಿಯದು ಉಜ್ಜಿಕೊಂಡು ಹೋಗುತ್ತಿತ್ತು. ಅಳಿಯ ತಾನೇ ಬೆರಳು ಹಾಕಿ ನೋಡಿದ, ಸ್ಪ್ಯಾನರ್ ತಂದು ಕೊಳವೆಯನ್ನು ಬಿಗಿ ಮಾಡಿದ್ದ ಒಳಕವಚವನ್ನು ಬಿಚ್ಚಿಟ್ಟ.

ಈಗ ಸೊಸೆ ಮುಂದೆ ಬಂದಳು. ಲ್ಯಾಪ್‌ಟಾಪಿನಲ್ಲಿ ಯಂತ್ರದ ವೇಗ ಹಾಕಿದಳು, ಕೊಳವೆಯ ಓರೆ ಹಾಕಿದಳು, ಸೊನ್ನೆ ಬಿಂದು ಎರಡು ಒಂದು ಹಾಕಿದಳು. ಆಮೇಲೆ ಹಾಲ್‌ನ ಆ ತುದಿಗೆ ನಡೆದು ಹೋಗಿ, ಟೇಪು ಹಿಡಿದು ಅಳೆದು, ಎರಡು ಕೆಂಪು ಗೆರೆಗಳ ನಡುವೆ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುಣಿಸು ಚಿಹ್ನೆ ಹಾಕಿದಳು. ಇನ್ನೂ ಹಾರದ ಶಟಲ್ ಅಲ್ಲಿ ಬೀಳುತ್ತದೆ ಎಂದಳು. ಅದನ್ನು ಕೇಳಿ ಹೆಂಗಸರ ಗುಸುಗುಸು ನಿಂತೇ ಹೋಯಿತು. ಬಿದ್ದ ಮೇಲೆ ಗೆರೆ ನೋಡುವುದು ಅವರಿಗೆ ಗೊತ್ತಿತ್ತು. ಬೀಳುವ ಮೊದಲೇ ಜಾಗ ಹೇಳುವವರನ್ನು ಅವರು ನೋಡಿರಲಿಲ್ಲ.

ಅಳಿಯ ಗುಂಡಿ ಒತ್ತಿದ. ಶಟಲ್ ಎದ್ದಿತು, ಈ ಸಲ ಅದರ ಸದ್ದೇ ಬೇರೆ, ಬ್ಯಾಟಿನಿಂದ ಹೊರಟ ಹಾಗೆ ಗರಿ ಬಿಚ್ಚಿದ ಸದ್ದು. ಚಾವಣಿಯ ತೊಲೆಯ ಕೆಳಗೆ ಹೋಗಿ ಒಂದು ಗಳಿಗೆ ನಿಂತಿತು. ಅಷ್ಟು ಜನರ ಕತ್ತು ಒಟ್ಟಿಗೇ ಮೇಲೆ, ಒಟ್ಟಿಗೇ ಕೆಳಗೆ. ಅದು ಗುಣಿಸು ಚಿಹ್ನೆಯಿಂದ ಮೂರು ಬೆರಳು ಆಚೆ ಕಾರ್ಕ್ ಕುಟ್ಟಿ ಬಿತ್ತು. ಎರಡನೆಯದು ಎರಡು ಬೆರಳು ಈಚೆ. ಮೂರನೆಯದು ಬಿದ್ದಾಗ ಸೀಮೆಸುಣ್ಣದ ಪುಡಿ ಎದ್ದಿತು.

ಹಾಲ್‌ನಲ್ಲಿ ಎದ್ದ ಗದ್ದಲವನ್ನು ಬರೆಯಲು ಬರುವುದಿಲ್ಲ. ಹೆಂಗಸರು ಒಳಗೇ ನುಗ್ಗಿದರು, ಯಾರೋ ಗೆರೆಯಮ್ಮನನ್ನು ಅಪ್ಪಿಕೊಂಡು ಆಕೆಯ ಬೆನ್ನಿಗೆಲ್ಲ ಅಂಟು ಮಾಡಿದರು. ಯಜಮಾನರು ಬಗ್ಗಿ ಆ ಸುಣ್ಣದ ಗುರುತನ್ನು ಬೆರಳಿಂದ ಮುಟ್ಟಿ ನೋಡಿದರು, ತಂಡ ಹೋಗಲಿ, ಪ್ಯಾಕ್ ಮಾಡಿ ಎಂದರು.

ಅಲ್ಲಿಗೆ ಗೆದ್ದಾಗಿತ್ತು. ಸುಮ್ಮನಿದ್ದಿದ್ದರೆ ಗೆದ್ದವಳಾಗಿಯೇ ಮನೆಗೆ ಹೋಗಬಹುದಿತ್ತು. ಆದರೆ ಗೆರೆಯಮ್ಮ ಬ್ಯಾಟ್ ಎತ್ತಿಕೊಂಡು, ಮೊದಲು ನಿಂತಿದ್ದ ಜಾಗದಲ್ಲೇ ಮತ್ತೆ ಕಾಲಿಟ್ಟು ನಿಂತು, ಸೊಸೆಯ ಕಡೆ ತಿರುಗಿದಳು. ಗುರುವಾರದಿಂದ ಆಕೆ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆ ಒಂದಿತ್ತು, ಸೊಸೆ ಹೇಳದೆ ಇಟ್ಟುಕೊಂಡಿದ್ದ ಉತ್ತರ ಒಂದಿತ್ತು.

"ಕೈಯ ಅಂಕೆ ಹೇಳು. ಎಲ್ಲರ ಮುಂದೆ ಹೇಳು."

ಸೊಸೆ ನೆಲ ನೋಡಿದಳು. "ಬಿಳಿ ಗೆರೆಯಿಂದ ಹೊಡೆದು ಅಲ್ಲಿಗೆ ಮುಟ್ಟಿಸೋಕೆ ಸೆಕೆಂಡಿಗೆ ಅರವತ್ತು ಮೀಟರ್ ವೇಗ ಬೇಕು ಅತ್ತೆ. ನಿಮ್ಮ ಕೈಯಲ್ಲಿ ಈಗ ಐವತ್ತನಾಲ್ಕಿದೆ. ಹತ್ತರಲ್ಲಿ ಒಂದು ಪಾಲು ಹೋಗಿದೆ."

ಅಳಿಯ ಹೇ​ಳಿದ್ದೂ ಸುಳ್ಳಲ್ಲ ಅಂದಹಾಗಾಯಿತು. ಗದ್ದಲ ಅಡಗಿತು. ಗೆರೆಯಮ್ಮ ತಲೆದೂಗಿದಳು, ಹಳೆಯ ನೆಂಟನ ಸುದ್ದಿ ಕೇಳಿದವಳ ಹಾಗೆ. ಆ ಒಂದು ಪಾಲು ಎಷ್ಟು ದೂರ ಕಡಿಮೆ ಮಾಡುತ್ತದೆ ಎಂದು ಕೇಳಿದಳು. ಒಂದೂಕಾಲು ಅಡಿ ಎಂದಳು ಸೊಸೆ. ಎಲ್ಲರೂ ಆಕೆಯ ಮುಂದಿನ ಕಾಲನ್ನೂ ಬಿಳಿ ಗೆರೆಯನ್ನೂ ನೋಡಿದರು. ನಡುವೆ ಇದ್ದ ಜಾಗ ಅಷ್ಟೇ ಇತ್ತು.

"ಕೈ ಹೋಗಿದೆ ಯಜಮಾನ್ರೇ," ಎಂದಳು ಗೆರೆಯಮ್ಮ. "ಮಾತು ಹೋಗಿಲ್ಲ. ಬ್ಯಾಟ್ ತಗೊಳ್ಳಿ. ಡಬ್ಬಿ ಮಾತ್ರ ನನ್ನ ಹತ್ತಿರ ಇರಲಿ."

ಬ್ಯಾಟನ್ನು ತೆಗೆದುಕೊಳ್ಳಲು ಯಜಮಾನರ ಕೈ ಮುಂದೆ ಬರಲಿಲ್ಲ. ಬಂದವನು ಅಳಿಯ. ಆದರೆ ಅವನೂ ಬ್ಯಾಟ್ ಹಿಡಿಯದೆ, ಬೀರುವಿನ ಕಡೆ ನೋಡುತ್ತ, ತಗ್ಗಿದ ದನಿಯಲ್ಲಿ ಕೇಳಿದ. "ಅಮ್ಮ, ಸೋಮವಾರ ಬೆಳಗ್ಗೆ ಯಂತ್ರಕ್ಕೆ ಮೊದಲು ಯಾವುದು ಹಾಕಲಿ?"

"ಮಾದರಿ ಮೂರು," ಎಂದಳು ಗೆರೆಯಮ್ಮ. "ಆಮೇಲೆ ನನ್ನನ್ನ ಕರಿ, ಅದರ ಕಾಲು ಹೊಂದಿಸೋಣ. ಅದಕ್ಕೂ ವಯಸ್ಸಾಗುತ್ತಪ್ಪ."

ಸೋಮವಾರ ಎಂಟೂವರೆಗೆ ಆಕೆ ಹಾಲ್‌ಗೆ ಹೋದಾಗ ಯಂತ್ರದ ಪಕ್ಕದಲ್ಲಿ ಒಂದು ಕುರ್ಚಿ ಇತ್ತು, ಕುರ್ಚಿಯ ಮೇಲೆ ಹಸಿರು ಡಬ್ಬಿ ಇತ್ತು. ಮೂರನ್ನೂ ಹಾರಿಸಿ ನೋಡಿದರು. ಹವೆ ತಣ್ಣಗಿತ್ತು, ಶಟಲ್ ಒಂದಿಷ್ಟು ಹತ್ತಿರ ಬಿತ್ತು. ಗೆರೆಯಮ್ಮ ಯಂತ್ರವನ್ನು ನಾಲ್ಕು ಬೆರಳು ಮುಂದಕ್ಕೆ ತಳ್ಳಿಸಿದಳು.